ಕ್ಯಾರಿಯರ್ ಗೇಮಿಗೆ ಫೈಟರ್ ಆರಿಸುವ ಮುನ್ನ ಕ್ಯಾಲೆಂಡರ್ ನೋಡಿ

ಎರಡು ವರ್ಷದ ಹಿಂದೆ ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೋರಲ್ ಸಮುದ್ರದ ಕದನದ ಆಟ ಹೂಡಿದ್ದೆ. 1942ರಲ್ಲಿ ಅಮೆರಿಕ, ಜಪಾನಿನ ಕ್ಯಾರಿಯರುಗಳು, ಅಂದರೆ ವಿಮಾನ ಹೊರುವ ಯುದ್ಧನೌಕೆಗಳು, ಕಾದಿದ ಕದನ ಅದು. ನೀಲಿ ಬಟ್ಟೆ ಹಾಸಿ ಈಚೆ ಬದಿಗೆ ಲೆಕ್ಸಿಂಗ್ಟನ್, ಯಾರ್ಕ್‌ಟೌನ್ ಇಟ್ಟಿದ್ದೆ. ಆಚೆ ತುದಿಯಲ್ಲಿ ಶೋಕಾಕು, ಝುಯಿಕಾಕು. ಅಮೆರಿಕದ ಒಂದೊಂದು ಹಡಗಿಗೂ 27 ವೈಲ್ಡ್‌ಕ್ಯಾಟ್ ಫೈಟರ್ ಕೊಟ್ಟಿದ್ದೆ. ಶಿವಮೊಗ್ಗ ಕಡೆಯ ಗೆಳೆಯನೊಬ್ಬ ಕಾರ್ಡ್ ಎತ್ತಿ ನೋಡಿದವನೇ, "ಇದು ರೆಕ್ಕೆ ಮಡಚೋ ವೈಲ್ಡ್‌ಕ್ಯಾಟ್ ಅಲ್ವೇನೋ ಮಾರಾಯ? ಈ ಹಡಗಿಗೆ ಇದಿನ್ನೂ ಬಂದೇ ಇಲ್ವಲ್ಲ" ಅಂದ.

ನಾನು ಸುಮ್ಮನಿರಲಿಲ್ಲ. 1942ರ ಮೇ ಹೊತ್ತಿಗೆ ಈ ಮಡಚುವ ಮಾದರಿ, ಎಫ್4ಎಫ್-4, ಸೇವೆಗೆ ಬಂದಾಗಿತ್ತು ಎಂದು ವಾದಕ್ಕಿಳಿದೆ. ಬಂದಿದ್ದೇನೋ ನಿಜ. ಆದರೆ ಬಂದದ್ದು ಎಂಟರ್‌ಪ್ರೈಸ್‌ಗೆ, ಹಾರ್ನೆಟ್‌ಗೆ. ಆ ಎರಡೂ ಹಡಗು ಟೋಕಿಯೊ ಮೇಲಿನ ಡೂಲಿಟಲ್ ದಾಳಿಗೆ ಹೋಗಿದ್ದವು. ಅಲ್ಲಿಂದ ಬಂದು ದಕ್ಷಿಣಕ್ಕೆ ಹೊರಟರೂ ಮೇ 7-8ರ ಕದನಕ್ಕೆ ತಲುಪಲಾಗಲಿಲ್ಲ. ಕೋರಲ್ ಸಮುದ್ರದಲ್ಲಿದ್ದ ಎರಡು ಡೆಕ್‌ಗಳ ಮೇಲೆ ಇದ್ದದ್ದು ರೆಕ್ಕೆ ಮಡಚಲು ಬಾರದ ಎಫ್4ಎಫ್-3, ಎರಡೂ ಸೇರಿ 40ರ ಆಸುಪಾಸು. ಅಂದರೆ ನಾನು ಕೊಟ್ಟ 54ರಲ್ಲಿ ಒಂದೂ ಸರಿಯಾದ ಮಾದರಿಯದ್ದಲ್ಲ, ಅದರಲ್ಲೂ ಹದಿನಾಲ್ಕು ಶುದ್ಧ ಬಿಟ್ಟಿ.

ಅವತ್ತಿನಿಂದ ನಾನು ವಿಮಾನದ ಪಟ್ಟಿ ಹಿಡಿದು ಆಟ ಕಟ್ಟುವುದನ್ನು ಬಿಟ್ಟೆ. ಮೊದಲು ದಿನಾಂಕ, ಆಮೇಲೆ ಹಡಗು, ಕೊನೆಗೆ ವಿಮಾನ. ಮೇಜಿನ ಆಟವಿರಲಿ, ಕಂಪ್ಯೂಟರಿನಲ್ಲಿ ಸನ್ನಿವೇಶ ಕಟ್ಟುವ ಆಟವಿರಲಿ, ಈ ಕ್ರಮ ಕೈಕೊಟ್ಟಿಲ್ಲ.

ಹಂತ 1: ಒಂದು ಚೀಟಿ, ಮೂರು ಪ್ರಶ್ನೆ

ಯಾವ ದಿನ? ಯಾವ ಹಡಗು? ಅವತ್ತು ಅದರ ಮೇಲಿದ್ದ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, ಯಾವುದು? ಚೀಟಿಯಲ್ಲಿ ಈ ಮೂರಕ್ಕೂ ಉತ್ತರ ಬೀಳುವ ತನಕ ಫೈಟರ್ ಹೆಸರು ಬರೆಯಬೇಡಿ. "1942ರ ಪೆಸಿಫಿಕ್" ಎಂಬುದು ದಿನಾಂಕವಲ್ಲ. ಆ ವರ್ಷದಲ್ಲಿ ತಿಂಗಳಿಂದ ತಿಂಗಳಿಗೆ ಡೆಕ್ಕಿನ ಚಿತ್ರ ಬದಲಾಗಿದೆ.

ಜಪಾನಿನ ಸಣ್ಣ ಕ್ಯಾರಿಯರ್ ರ್ಯೂಜೊ ಇದಕ್ಕೆ ಒಳ್ಳೆಯ ಉದಾಹರಣೆ. 1941ರ ಡಿಸೆಂಬರ್ 8ರಂದು ಫಿಲಿಪೀನ್ಸಿನ ದವಾವೊ ಮೇಲೆ ದಾಳಿಗೆ ಹೊರಟಾಗ ಅದರ ಮೇಲಿದ್ದ ಫೈಟರ್ ಎ5ಎಂ4. ಗಾಲಿ ಒಳಗೆ ಮಡಚಿಕೊಳ್ಳದೆ ಕೆಳಗೇ ಜೋತುಬೀಳುವ, ತೆರೆದ ಕಾಕ್‌ಪಿಟ್ಟಿನ ಹಳೇ ವಿಮಾನ ಅದು. ಆರು ತಿಂಗಳು ಕಳೆದು 1942ರ ಜೂನ್ 4ರಂದು ಇದೇ ರ್ಯೂಜೊದಿಂದ ಹಾರಿದ ಝೀರೊ (ಎ6ಎಂ2) ಫೈಟರ್ ಒಂದು ಅಲಾಸ್ಕಾ ಕಡೆಯ ಅಕುಟಾನ್ ದ್ವೀಪದಲ್ಲಿ ಬಿದ್ದು, ಹೆಚ್ಚುಕಡಿಮೆ ಇಡಿಯಾಗಿ ಅಮೆರಿಕನ್ನರ ಕೈಸೇರಿತು. ಹಡಗು ಅದೇ, ಶತ್ರುವೂ ಅದೇ, ಫೈಟರ್ ಮಾತ್ರ ಒಂದು ತಲೆಮಾರು ಮುಂದೆ ಹೋಗಿತ್ತು. "ಜಪಾನ್ ಅಂದರೆ ಝೀರೊ" ಎಂದು ಕಣ್ಣುಮುಚ್ಚಿ ಹಾಕುವವರು ಎಡವುವುದು ಇಲ್ಲೇ. ಕೋರಲ್ ಸಮುದ್ರದಲ್ಲಿ ಮುಳುಗಿದ ಶೋಹೊ ಮೇಲೂ ಝೀರೊಗಳ ಜೊತೆ ಕೆಲವು ಎ5ಎಂ4 ಇದ್ದವು.

ಅಕುಟಾನ್ ಝೀರೊ ಎಂದಕೂಡಲೇ ಯಾರಾದರೊಬ್ಬರು "ಅದನ್ನು ನೋಡಿಯೇ ಅಮೆರಿಕದವರು ಹೆಲ್‌ಕ್ಯಾಟ್ ಫೈಟರ್ ಮಾಡಿದ್ದು" ಅನ್ನುತ್ತಾರೆ. ಅಲ್ಲ. ಆ ಝೀರೊ ಕಣ್ಣಿಗೆ ಬಿದ್ದದ್ದು 1942ರ ಜುಲೈನಲ್ಲಿ. ಹೆಲ್‌ಕ್ಯಾಟಿನ ಮೊದಲ ಮಾದರಿ ಜೂನ್ 26ಕ್ಕೇ ಹಾರಿಯಾಗಿತ್ತು.

ಚೀಟಿಯ ಎರಡನೇ ಪ್ರಶ್ನೆಯಲ್ಲೂ ಒಂದು ಹಳ್ಳವಿದೆ. ಹಡಗಿನ ಹೆಸರು ಒಂದೇ, ಹಡಗು ಬೇರೆ. ಕೋರಲ್ ಸಮುದ್ರದಲ್ಲಿ ಹೋದ ಲೆಕ್ಸಿಂಗ್ಟನ್ನಿನ ನಂಬರ್ ಸಿವಿ-2; 1943ರಲ್ಲಿ ಸೇವೆಗೆ ಬಂದದ್ದು ಸಿವಿ-16. ಯಾರ್ಕ್‌ಟೌನ್, ಹಾರ್ನೆಟ್, ವಾಸ್ಪ್ ಕತೆಯೂ ಇದೇ: ಮುಳುಗಿದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಟ್ಟರು, ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. ಬ್ರಿಟಿಷರ ಹರ್ಮಿಸ್ ಕೂಡ ಎರಡು. 1942ರಲ್ಲಿ ಸಿಲೋನ್ ಬಳಿ ಮುಳುಗಿದ್ದು ಒಂದು. 1982ರ ಫಾಕ್ಲೆಂಡ್ಸ್ ಯುದ್ಧ ಮುಗಿಸಿ, 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆದದ್ದು ಇನ್ನೊಂದು. ಆದ್ದರಿಂದ ಹೆಸರಿನ ಪಕ್ಕ ನಂಬರನ್ನೋ ವರ್ಷವನ್ನೋ ಬರೆದಿಡಿ.

ಇನ್ನು ಸ್ಕ್ವಾಡ್ರನ್. ಇದು ಯಾಕೆ ಬೇಕೆಂದರೆ, ನೌಕಾಪಡೆಯ ವಿಮಾನಗಳೆಲ್ಲ ಹಡಗಿನ ಮೇಲೆಯೇ ಇರುತ್ತವೆ ಎಂದೇನಿಲ್ಲ. 1942ರ ಜೂನಿನ ಮಿಡ್‌ವೇ ದ್ವೀಪದ ಕದನದಲ್ಲಿ ಬ್ರೂಸ್ಟರ್ ಬಫಲೋ ಫೈಟರ್ ಹಾರಿತ್ತು ಎಂದು ಓದಿ ಅದನ್ನು ಎಂಟರ್‌ಪ್ರೈಸ್ ಮೇಲೆ ಕೂರಿಸಿದವರನ್ನು ನೋಡಿದ್ದೇನೆ. ಬಫಲೋ ಹಾರಿದ್ದು ನಿಜ, ದ್ವೀಪದ ರನ್‌ವೇಯಿಂದ. ಅವು ಮರೀನ್ ಪಡೆಯ ವಿಎಂಎಫ್-221 ಸ್ಕ್ವಾಡ್ರನ್ನಿನವು. ಜೂನ್ 4ರ ಬೆಳಿಗ್ಗೆ ಅವುಗಳಲ್ಲಿ 13 ಉದುರಿದವು. ಅವತ್ತು ಹಡಗಿನ ಮೇಲೆ ಒಂದೇ ಒಂದು ಬಫಲೋ ಇರಲಿಲ್ಲ.

ಹಂತ 2: ಹೆಸರಿನ ಬಾಲ ಓದಿ

ವೈಲ್ಡ್‌ಕ್ಯಾಟ್, ಝೀರೊ, ಕಾರ್ಸೇರ್ ಎಂಬವೆಲ್ಲ ಕರೆಯುವ ಹೆಸರು. ಆಟಕ್ಕೆ ಬೇಕಾದದ್ದು ಆ ಎ, ಎಫ್, 3, 4 ಎಂಬ ಅಕ್ಷರ-ಅಂಕಿಗಳು. ಓದಲು ಕಲಿತರೆ ಅರ್ಧ ಕೆಲಸ ಆದಂತೆ.

ಜಪಾನಿನದು ಸುಲಭ. ಮೊದಲ ಅಕ್ಷರವೇ ಕೆಲಸ ಹೇಳುತ್ತದೆ. 'ಎ' ಇದ್ದರೆ ಕ್ಯಾರಿಯರ್ ಫೈಟರ್, 'ಬಿ' ಇದ್ದರೆ ಟಾರ್ಪಿಡೊ ಹೊರುವ ಕ್ಯಾರಿಯರ್ ದಾಳಿ ವಿಮಾನ, 'ಡಿ' ಇದ್ದರೆ ಡೈವ್ ಬಾಂಬರ್, 'ಜೆ' ಇದ್ದರೆ ನೆಲದಿಂದ ಹಾರುವ ಫೈಟರ್, 'ಎನ್' ಇದ್ದರೆ ನೀರಿನ ಮೇಲಿಳಿಯುವ ತೇಲು ಫೈಟರ್. ಎ6ಎಂ2 ಅಂದರೆ ಕ್ಯಾರಿಯರ್ ಫೈಟರುಗಳಲ್ಲಿ ಆರನೆಯದು, ಮಿತ್ಸುಬಿಷಿ ವಿನ್ಯಾಸ, ಎರಡನೇ ಮಾದರಿ. ಜೆ2ಎಂ ರೈಡೆನ್, ಎನ್1ಕೆ-ಜೆ ಶಿಡೆನ್ ಎಷ್ಟೇ ಚೆಂದ ಕಂಡರೂ ಅಕ್ಷರ ನೋಡಿ ಪಕ್ಕಕ್ಕಿಡಿ. ಯುದ್ಧದಲ್ಲಿ ಅವು ಹಾರಿದ್ದು ನೆಲದಿಂದ. ಝೀರೊದಂತೆಯೇ ಕಾಣುವ ಕಿ-43 ಹಯಾಬುಸಾ ಭೂಸೇನೆಯದು. ಅದನ್ನು ಡೆಕ್ ಮೇಲಿಟ್ಟರೆ ಜಪಾನಿನ ಎರಡೂ ಪಡೆಗಳಿಗೆ ಒಟ್ಟಿಗೆ ಅವಮಾನ, ಅವರಿಬ್ಬರಿಗೆ ಅಷ್ಟಕ್ಕಷ್ಟೇ ಇತ್ತು.

ಅಮೆರಿಕದ ಬರಹ ಬೇರೆ. ಎಫ್4ಎಫ್ ಎಂಬಲ್ಲಿ ಮೊದಲ ಎಫ್ ಫೈಟರ್, ಕೊನೆಯ ಎಫ್ ಗ್ರಮ್ಮನ್ ಕಂಪನಿಯ ಗುರುತು, ನಡುವಿನ 4 ಆ ಕಂಪನಿಯ ನಾಲ್ಕನೇ ಫೈಟರ್. ವಾಟ್ ಕಂಪನಿಗೆ 'ಯು', ಆದ್ದರಿಂದ ಎಫ್4ಯು. ಬ್ರೂಸ್ಟರಿಗೆ 'ಎ', ಆದ್ದರಿಂದ ಎಫ್2ಎ. ಜನರಲ್ ಮೋಟರ್ಸ್ ಕಟ್ಟಿದ ವೈಲ್ಡ್‌ಕ್ಯಾಟ್ ಎಫ್ಎಂ ಆಯಿತು. ಎಫ್ಎಂ-2ಕ್ಕೆ ಬೇರೆ ಇಂಜಿನ್, ಎತ್ತರದ ಬಾಲ. 1944ರ ಅಕ್ಟೋಬರ್ 25ರಂದು ಸಮಾರ್ ದ್ವೀಪದ ಬಳಿ ಸಣ್ಣ ಎಸ್ಕಾರ್ಟ್ ಕ್ಯಾರಿಯರುಗಳಿಂದ ಹಾರಿದ್ದು ಇದೇ. ಅಲ್ಲಿಗೆ ಹೆಲ್‌ಕ್ಯಾಟ್ ತುಂಬಿ ಆಟ ಕೆಡಿಸಬೇಡಿ.

ಬಾಲದ 3, 4ಕ್ಕೆ ಎಷ್ಟು ಬೆಲೆ ಎಂದು ತಿಳಿಯಬೇಕಾದರೆ ವೈಲ್ಡ್‌ಕ್ಯಾಟನ್ನೇ ಹತ್ತಿರದಿಂದ ನೋಡಿ. ಎಫ್4ಎಫ್-3ಕ್ಕೆ ನಾಲ್ಕು ಗನ್, ಒಂದೊಂದಕ್ಕೆ 450 ಗುಂಡು. ಎಫ್4ಎಫ್-4ಕ್ಕೆ ಆರು ಗನ್, ಒಂದೊಂದಕ್ಕೆ 240. ಗುಣಿಸಿದರೆ ಹಳೆಯದರಲ್ಲಿ 1,800, ಹೊಸದರಲ್ಲಿ 1,440. ಗನ್ ಹೆಚ್ಚಾಯಿತು, ಗುಂಡು ಕಡಿಮೆಯಾಯಿತು. ಬೆರಳು ತೆಗೆಯದೆ ಒತ್ತಿದರೆ ಹಳೆಯದು ಸುಮಾರು 34 ಸೆಕೆಂಡ್ ಸುಡುತ್ತದೆ, ಹೊಸದು ಹೆಚ್ಚೆಂದರೆ 20. ಮೇಲಾಗಿ ಮಡಚುವ ರೆಕ್ಕೆಯ ಭಾರಕ್ಕೆ ಮೇಲೇರುವ ವೇಗವೂ ಇಳಿಯಿತು. ಪೈಲಟ್‌ಗಳು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಆಟದ ಕಾರ್ಡಿನಲ್ಲಿ "ವೈಲ್ಡ್‌ಕ್ಯಾಟ್: ದಾಳಿ 3" ಎಂದು ಒಂದೇ ಸಾಲು ಬರೆದರೆ ಈ ಜಗಳವೆಲ್ಲ ಮಾಯ.

ಹಾಗಾದರೆ ಎಫ್4ಎಫ್-4 ಯಾಕೆ ಬೇಕಾಯಿತು? ಉತ್ತರ ಮುಂದಿನ ಹಂತದಲ್ಲಿದೆ.

ಹಂತ 3: ಹಡಗಿಗೆ ಹಿಡಿಸುತ್ತದೆಯೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕ್ಯಾರಿಯರಿಗೆ ಹೇಳಿ ಮಾಡಿಸಿದ್ದು. ಎಫ್4ಎಫ್-3ರ ರೆಕ್ಕೆಯ ಹರವು 11.6 ಮೀಟರ್. ಎಫ್4ಎಫ್-4ರ ರೆಕ್ಕೆ ಮಡಚಿದರೆ 4.4 ಮೀಟರ್ ಸಾಕು. ಮೇಲಕ್ಕೆ ಎತ್ತುವುದಲ್ಲ, ತಿರುಚಿಕೊಂಡು ಹಿಂದಕ್ಕೆ ಹೋಗಿ, ಕೂತ ಹಕ್ಕಿಯಂತೆ ಮೈಗೆ ಅಂಟಿಕೊಳ್ಳುತ್ತದೆ. ಲೆರಾಯ್ ಗ್ರಮ್ಮನ್ ಅದರ ಕೀಲು ಎಲ್ಲಿ ಬರಬೇಕು ಎಂದು ಕಂಡುಕೊಂಡದ್ದು ಅಕ್ಷರ ಅಳಿಸುವ ರಬ್ಬರಿಗೆ ಬಿಡಿಸಿದ ಪೇಪರ್ ಕ್ಲಿಪ್ ಚುಚ್ಚಿ ತಿರುಗಿಸುತ್ತಾ. ಮಗನ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ಎತ್ತಿ ನಾನೂ ಮಾಡಿ ನೋಡಿದೆ. ಕ್ಲಿಪ್ಪನ್ನು ನೇರ ಚುಚ್ಚಿದರೆ ರೆಕ್ಕೆ ಸುಮ್ಮನೆ ಹಿಂದಕ್ಕೆ ಹೋಗುತ್ತದೆ, ಓರೆಯಾಗಿ ಚುಚ್ಚಿದರೆ ಮಾತ್ರ ಹಿಂದೆ ಹೋಗುತ್ತಲೇ ಮಗ್ಗುಲಾಗುತ್ತದೆ. ಮೂರನೇ ಸಲಕ್ಕೆ ಸರಿಬಂತು.

ಈ ಮಡಚುವಿಕೆಯಿಂದಲೇ ಒಂದು ಸ್ಕ್ವಾಡ್ರನ್ನಿನ ಬಲವನ್ನು 18ರಿಂದ 27ಕ್ಕೆ ಏರಿಸಲು ಸಾಧ್ಯವಾದದ್ದು. ಮಿಡ್‌ವೇ ದಿನ ಎಂಟರ್‌ಪ್ರೈಸ್, ಹಾರ್ನೆಟ್ ಮೇಲೆ 27ರಂತೆ, ಯಾರ್ಕ್‌ಟೌನ್ ಮೇಲೆ 25, ಒಟ್ಟು 79 ಎಫ್4ಎಫ್-4. ಒಂದೊಂದು ವಿಮಾನ ಸ್ವಲ್ಪ ಮಂದವಾದರೂ ತಲೆ ಎಣಿಕೆ ಹೆಚ್ಚಿತು.

ಬ್ರಿಟಿಷರ ಹಡಗುಗಳಲ್ಲಿ ಈ ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಡೆಕ್ಕಿಗೆ ಉಕ್ಕಿನ ಕವಚ ಹೊದಿಸಿದ್ದರಿಂದ ಅದರ ಕೆಳಗೆ ವಿಮಾನ ಇಡುವ ಹ್ಯಾಂಗರ್ ಗಿಡ್ಡವಾಯಿತು, ವಿಮಾನಗಳ ಸಂಖ್ಯೆ ಇಳಿಯಿತು. ಇಲಸ್ಟ್ರಿಯಸ್ ಹಡಗಿನಲ್ಲಿ ವಿಮಾನ ಇಳಿಸುವ ಲಿಫ್ಟ್ 6.7 ಮೀಟರ್ ಅಗಲ; ರೆಕ್ಕೆ ಮಡಚದ ಸೀ ಹರಿಕೇನಿನ ಹರವು 12 ಮೀಟರಿಗೂ ಹೆಚ್ಚು. ಅಲ್ಲಿಗೆ ಅದು ಕೆಳಗಿಳಿಯುವ ಮಾತೇ ಇಲ್ಲ, ಮಳೆ ಉಪ್ಪುಗಾಳಿಗೆ ಮೈಯೊಡ್ಡಿ ಡೆಕ್ ಮೇಲೇ ನಿಲ್ಲಬೇಕು. ಸೀಫೈರ್ ತೆಗೆದುಕೊಂಡರೂ ಮಾದರಿ ನೋಡಿ: ಮೊದಲಿನವುಗಳ ರೆಕ್ಕೆ ಮಡಚುವುದಿಲ್ಲ, ಮೂರನೇ ಮಾದರಿಯದು ಮಡಚುತ್ತದೆ.

ಕಾರ್ಸೇರಿನ ರೆಕ್ಕೆ ಮೇಲಕ್ಕೆ ಮಡಚುತ್ತದೆ, ಹ್ಯಾಂಗರಿನ ಸೂರಿಗೆ ತಾಗುತ್ತದೆ. ಬ್ರಿಟಿಷರು ಏನು ಮಾಡಿದರು? ರೆಕ್ಕೆಯ ತುದಿಯನ್ನೇ ಒಂದೊಂದು ಬದಿಗೆ 20 ಸೆಂಟಿಮೀಟರ್ ಕತ್ತರಿಸಿದರು. ಹಾಗೆ ಕತ್ತರಿಸಿದರೂ 16 ಅಡಿ ಎತ್ತರದ ಹ್ಯಾಂಗರ್ ಇದ್ದ ಹಡಗಿಗೆ ಮಾತ್ರ ಸರಿಹೋಯಿತು. 1945ರಲ್ಲಿ ಒಕಿನಾವಾ ಕಡೆ ಹೋದ ಬ್ರಿಟಿಷ್ ಪಡೆಯಲ್ಲಿ ವಿಕ್ಟೋರಿಯಸ್, ಇಲಸ್ಟ್ರಿಯಸ್ ಮೇಲೆ ಕಾರ್ಸೇರ್, ಇಂಡಾಮಿಟಬಲ್ ಮೇಲೆ ಹೆಲ್‌ಕ್ಯಾಟ್, ಇಂಡಿಫ್ಯಾಟಿಗಬಲ್ ಮೇಲೆ ಸೀಫೈರ್ ಇದ್ದದ್ದು ಯಾರ ಶೋಕಿಗೂ ಅಲ್ಲ, ಹ್ಯಾಂಗರಿನ ಎತ್ತರ ಅದರ ಒಂದು ಮುಖ್ಯ ಕಾರಣ. ಇದನ್ನು ತಿಳಿದ ಮೇಲೆ "ಎಲ್ಲ ಹಡಗಿಗೂ ಒಂದೇ ಒಳ್ಳೇ ಫೈಟರ್" ಎಂದು ಹಂಚಲು ಕೈ ಬರುವುದಿಲ್ಲ.

ಕಾರ್ಸೇರ್ ವಿಷಯಕ್ಕೇ ಇನ್ನೆರಡು ಮಾತು, ಅತಿ ಹೆಚ್ಚು ತಪ್ಪಾಗುವುದು ಇದರಲ್ಲೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಇದರ ಮುಂದೆ ನಡೆಯಲಿಲ್ಲ. 1940ರಲ್ಲೇ ಹಾರಿದ, ನೌಕಾಪಡೆಗೆಂದೇ ಮಾಡಿಸಿದ ವಿಮಾನ. 1943ರ ಫೆಬ್ರವರಿಯಲ್ಲಿ ಗ್ವಾಡಲ್‌ಕನಾಲ್‌ನಲ್ಲಿ ಮರೀನ್ ಪಡೆಯ ವಿಎಂಎಫ್-124 ಜೊತೆ ಕಾದಿತು, ನೆಲದಿಂದ. ಉದ್ದ ಮೂಗಿನಿಂದಾಗಿ ಇಳಿಯುವಾಗ ಪೈಲಟ್‌ಗೆ ಡೆಕ್ ಕಾಣುತ್ತಿರಲಿಲ್ಲ, ಗಾಲಿ ತಾಗಿದೊಡನೆ ಚೆಂಡಿನಂತೆ ಪುಟಿಯುತ್ತಿತ್ತು. ಬಂಕರ್ ಹಿಲ್ ಹಡಗಿಗೆಂದು ತಯಾರಾದ ವಿಎಫ್-17 ಸ್ಕ್ವಾಡ್ರನ್ನನ್ನೂ ಕೊನೆಗೆ ದ್ವೀಪಕ್ಕೆ ಕಳಿಸಿದರು. ಅಮೆರಿಕದ ಕ್ಯಾರಿಯರಿನಿಂದ ಕಾರ್ಸೇರ್ ದೊಡ್ಡ ಮಟ್ಟದಲ್ಲಿ ಹಾರಿದ್ದು 1944ರ ಡಿಸೆಂಬರ್ ಕೊನೆಗೆ ಎಸೆಕ್ಸ್ ಮೇಲೆ ಮರೀನ್ ಸ್ಕ್ವಾಡ್ರನ್‌ಗಳು ಬಂದ ಮೇಲೆ. ಅಷ್ಟರಲ್ಲಿ ಬ್ರಿಟಿಷರು 1944ರ ಏಪ್ರಿಲ್ 3ರಂದೇ ನಾರ್ವೆಯಲ್ಲಿ ಅಡಗಿದ್ದ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮೇಲಿನ ದಾಳಿಗೆ ವಿಕ್ಟೋರಿಯಸ್ಸಿನಿಂದ ಹಾರಿಸಿಯಾಗಿತ್ತು.

ಈ ನಿಯಮಕ್ಕೂ ಒಂದು ಅಪವಾದವಿದೆ, ಹಟಮಾರಿ ಗೆಳೆಯರನ್ನು ಬಾಯಿಮುಚ್ಚಿಸಲು ಇಟ್ಟುಕೊಳ್ಳಿ: 1944ರ ಶುರುವಿನಲ್ಲೇ ಎಂಟರ್‌ಪ್ರೈಸ್ ಮೇಲೆ ಎಫ್4ಯು-2 ಎಂಬ ರೇಡಾರ್ ಹೊತ್ತ ರಾತ್ರಿ ಕಾರ್ಸೇರ್ ಬೆರಳೆಣಿಕೆಯಷ್ಟು ಇದ್ದವು.

ಹಂತ 4: ಎಷ್ಟು ಕೊಡಬೇಕು?

ಇಲ್ಲಿ ಕೈ ಬಿಗಿಹಿಡಿಯಿರಿ. ಆಟಗಾರರಿಗೆ ಯಾವಾಗಲೂ ಫೈಟರ್ ಹೆಚ್ಚು ಬೇಕು, ಆದರೆ 1942ರ ಹಡಗು ಹೊರುತ್ತಿದ್ದದ್ದು ಹೆಚ್ಚಾಗಿ ಬಾಂಬರ್‌ಗಳನ್ನು. ಮಿಡ್‌ವೇಯಲ್ಲಿ ಜಪಾನಿನ ಅಡ್ಮಿರಲ್ ನಗುಮೊ ಅವರ ನಾಲ್ಕು ಹಡಗಿಗೆ ತಲಾ 18 ಝೀರೊ. ಇವಲ್ಲದೆ ದ್ವೀಪ ಗೆದ್ದ ಮೇಲೆ ಅಲ್ಲಿಳಿಸಲು ಒಯ್ಯುತ್ತಿದ್ದ 6ನೇ ಏರ್ ಗ್ರೂಪಿನ ಝೀರೊಗಳು 21. ಇವುಗಳನ್ನು ಸೇರಿಸುವುದೋ ಬಿಡುವುದೋ ಎಂಬುದರ ಮೇಲೆ ಆಟದ ಬಲಾಬಲ ಬದಲಾಗುತ್ತದೆ. ನಾನು ಸೇರಿಸುತ್ತೇನೆ, ರಕ್ಷಣೆಗೆ ಮಾತ್ರ. ದಾಳಿಗೆ ಕಳಿಸಲು ಬಿಡುವುದಿಲ್ಲ.

ಯುದ್ಧ ಮುಂದುವರಿದಂತೆ ತಕ್ಕಡಿ ಫೈಟರ್ ಕಡೆಗೆ ವಾಲಿತು. ಅಮೆರಿಕದ ಎಸೆಕ್ಸ್ ವರ್ಗದ ಹಡಗಿನಲ್ಲಿ 1943ರಲ್ಲಿ 36ರ ಆಸುಪಾಸು ಇದ್ದ ಫೈಟರ್, ಕಾಮಿಕಾಝೆ ಎಂಬ ಆತ್ಮಾಹುತಿ ವಿಮಾನಗಳ ಕಾಟ ಶುರುವಾದ ಮೇಲೆ 1944-45ರ ಚಳಿಗಾಲಕ್ಕೆ 73ಕ್ಕೆ ಹೋಯಿತು. ಹೆಲ್‌ಕ್ಯಾಟ್ ಮೊದಲು ಕಾದಿದ್ದು 1943ರ ಆಗಸ್ಟ್ 31ರ ಮಾರ್ಕಸ್ ದ್ವೀಪದ ದಾಳಿಯಲ್ಲಿ, ಅದಕ್ಕೂ ಹಿಂದಿನ ಯಾವ ಕದನಕ್ಕೂ ಅದನ್ನು ತರಬೇಡಿ. 1944ರ ಜೂನಿನ ಫಿಲಿಪೀನ್ ಸಮುದ್ರದ ಕದನಕ್ಕೆ ಜಪಾನಿನ ಕಡೆ ಎ6ಎಂ5 ಕೊಡಿ. ಆದರೆ ಹಳೇ ಎ6ಎಂ2ಗಳನ್ನು ಪೂರ್ತಿ ತೆಗೆಯಬೇಡಿ. ಸಣ್ಣ ಕ್ಯಾರಿಯರುಗಳಲ್ಲಿ ಅವು ಬಾಂಬ್ ಕಟ್ಟಿಕೊಂಡು ಬಾಂಬರ್ ಕೆಲಸಕ್ಕೆ ಬಂದಿದ್ದವು.

ಹಂತ 5: ಕಾರ್ಡಿನ ಮೇಲೆ ಏನು ಬರೆಯಬೇಕು

ವೇಗ ಮತ್ತು ಗನ್ ಎಲ್ಲರೂ ಬರೆಯುತ್ತಾರೆ. ನಾನು ಇನ್ನು ಮೂರನ್ನು ಸೇರಿಸುತ್ತೇನೆ.

ಒಂದು, ಗುಂಡು ಎಷ್ಟು ಹೊತ್ತು ಬರುತ್ತದೆ. ಎ6ಎಂ2 ಝೀರೊದ 20 ಮಿ.ಮೀ. ಕ್ಯಾನನ್ ತಾಗಿದರೆ ಎದುರಾಳಿ ಚೂರುಚೂರು, ಆದರೆ ಒಂದೊಂದಕ್ಕೆ 60 ಗುಂಡು ಮಾತ್ರ, ಏಳೆಂಟು ಸೆಕೆಂಡಿನಲ್ಲಿ ಖಾಲಿ. ಉಳಿದದ್ದು 7.7 ಮಿ.ಮೀ.ನ ಎರಡು ಸಣ್ಣ ಗನ್. ನನ್ನ ಆಟದಲ್ಲಿ ಝೀರೊಗೆ ಎರಡು ಸುತ್ತು ಭಾರಿ ದಾಳಿ, ಆಮೇಲೆ ಹಗುರ ದಾಳಿ. ಮಿಡ್‌ವೇಯಲ್ಲಿ ಟಾರ್ಪಿಡೊ ವಿಮಾನಗಳ ಬೆನ್ನುಹತ್ತಿದ ಝೀರೊಗಳು ಮತ್ತೆ ಮತ್ತೆ ಇಳಿದು ಗುಂಡು ತುಂಬಿಸಿಕೊಳ್ಳಬೇಕಾದದ್ದು ಹೀಗೆ ಮೇಜಿನ ಮೇಲೆ ತಾನಾಗಿ ಬರುತ್ತದೆ.

ಎರಡು, ಪೆಟ್ಟು ತಡೆಯುವ ಶಕ್ತಿ ಮತ್ತು ದೂರ. ಇವೆರಡನ್ನೂ ಒಟ್ಟಿಗೆ ಹೇಳುವುದು ಯಾಕೆಂದರೆ ಝೀರೊದ ಅಷ್ಟು ದೂರದ ಓಟಕ್ಕೆ ಬೆಲೆ ಕೊಟ್ಟದ್ದು ಅದರ ಮೈ. ಪೈಲಟ್ ಬೆನ್ನಿಗೆ ಕವಚವಿಲ್ಲ, ತೂತಾದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಇಲ್ಲ. ವೈಲ್ಡ್‌ಕ್ಯಾಟಿಗೆ ಅವೆರಡೂ ಇದ್ದವು, ದೂರ ಇರಲಿಲ್ಲ. ಮಿಡ್‌ವೇಯಲ್ಲಿ ಜೂನ್ 4ರಂದು ಹಾರ್ನೆಟ್‌ನಿಂದ ಬೆಂಗಾವಲಿಗೆ ಹೋದ 10 ವೈಲ್ಡ್‌ಕ್ಯಾಟ್ ಶತ್ರುವನ್ನು ಕಾಣದೆಯೇ ಇಂಧನ ಮುಗಿದು, ಹತ್ತಕ್ಕೆ ಹತ್ತೂ ಸಮುದ್ರಕ್ಕೆ ಬಿದ್ದವು. ನಿಮ್ಮ ಆಟದಲ್ಲಿ ಇಂಧನದ ಲೆಕ್ಕ ಇಲ್ಲದಿದ್ದರೆ ಅದು 1942 ಅಲ್ಲ. ವೈಲ್ಡ್‌ಕ್ಯಾಟಿನ ಗಾಲಿಯನ್ನು ಪೈಲಟ್ ಹಿಡಿಕೆ ತಿರುಗಿಸಿಯೇ ಮೇಲೆತ್ತಬೇಕಿತ್ತು, ಸುಮಾರು 30 ಸುತ್ತು. ಅದಕ್ಕೆ ಆಟದಲ್ಲಿ ನಿಯಮ ಬೇಡ, ಆದರೆ ಮೇಲೇಳುವ ವಿಮಾನದ ಮೂಗು ತೂಗಾಡುವುದು ಯಾಕೆಂದು ಗೊತ್ತಿರಲಿ.

ಮೂರು, ತಂತ್ರ. ಇದಕ್ಕೂ ದಿನಾಂಕವಿದೆ. ಎರಡು ವೈಲ್ಡ್‌ಕ್ಯಾಟ್ ಜಡೆ ಹೆಣೆದಂತೆ ಒಂದನ್ನೊಂದು ದಾಟುತ್ತಾ ಬೆನ್ನು ಕಾಯುವ ಉಪಾಯವನ್ನು ಅಮೆರಿಕದ ನೌಕಾ ಪೈಲಟ್ ಜಾನ್ ಥ್ಯಾಚ್ ಅಡುಗೆಮನೆ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಕಂಡುಕೊಂಡದ್ದು 1941ರಲ್ಲಿ. ಕದನದಲ್ಲಿ ಮೊದಲು ಬಳಸಿದ್ದು ಮಿಡ್‌ವೇಯಲ್ಲಿ, ಯಾರ್ಕ್‌ಟೌನಿನ ವಿಎಫ್-3. ಕೋರಲ್ ಸಮುದ್ರದ ಆಟದಲ್ಲಿ ಜೋಡಿಗೆ ಹೆಚ್ಚುವರಿ ಅಂಕ ಕೊಟ್ಟರೆ ಅದೂ ಒಂದು ತಪ್ಪು ವಿಮಾನವೇ.

ಹಂತ 6: ಬಣ್ಣ

ಚಿಕ್ಕ ಮಾದರಿಗೆ ಬಣ್ಣ ಬಳಿಯುವವರಿಗೆ ಮಾತ್ರ ಇದು. ಅಮೆರಿಕದ ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು, ಬಾಲದ ಕೆಂಪು-ಬಿಳಿ ಪಟ್ಟೆಯನ್ನು 1942ರ ಮೇ ತಿಂಗಳಲ್ಲಿ ಅಳಿಸಿದರು; ಕೆಂಪು ಕಂಡರೆ ಜಪಾನಿನ ಸೂರ್ಯನೆಂದು ತಮ್ಮವರೇ ಸುಡುತ್ತಿದ್ದರು. ಆದ್ದರಿಂದ ಕೋರಲ್ ಸಮುದ್ರಕ್ಕೆ ಬೊಟ್ಟು ಉಂಟು, ಮಿಡ್‌ವೇಗೆ ಇಲ್ಲ. ನಕ್ಷತ್ರದ ಎರಡು ಬದಿಯ ಬಿಳಿ ಪಟ್ಟಿ ಬಂದದ್ದು 1943ರ ಮಧ್ಯದಲ್ಲಿ. 1941-42ರ ಝೀರೊ ತಿಳಿ ಬೂದು. ಬೆನ್ನಿಗೆ ಕಡುಹಸಿರು ಬಳಿದದ್ದು 1943ರ ನಂತರ. ಅಂಗಡಿಯಲ್ಲಿ ಸಿಗುವ ಹಸಿರು ಝೀರೊ ತಂದು ಪರ್ಲ್ ಹಾರ್ಬರಿಗೆ ಕಳಿಸುವವರು ಇನ್ನೂ ಇದ್ದಾರೆ.

ಒಂದು ಸನ್ನಿವೇಶ ಕಟ್ಟಿ ನೋಡೋಣ: ಹಿಂದೂ ಮಹಾಸಾಗರ, ಏಪ್ರಿಲ್ 1942

ನಮ್ಮ ಕಡಲಿಗೆ ಕ್ಯಾರಿಯರ್ ಯುದ್ಧ ಬಂದದ್ದು ಆಗ. ಏಪ್ರಿಲ್ 5ರಂದು ಕೊಲಂಬೊ, 9ರಂದು ತ್ರಿಂಕೋಮಲಿ; ನಡುವೆ 6ರಂದು ಬಂಗಾಳ ಕೊಲ್ಲಿಯಲ್ಲಿ ರ್ಯೂಜೊದ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೂ ಬಾಂಬ್ ಹಾಕಿದವು.

ಚೀಟಿ ತೆಗೆಯಿರಿ. ಜಪಾನಿನ ಮುಖ್ಯ ಪಡೆಯಲ್ಲಿ ಪರ್ಲ್ ಹಾರ್ಬರಿನ ಆರು ಹಡಗು ಎಂದು ಬರೆಯಲು ಕೈ ಓಡುತ್ತದೆ. ತಡೆಯಿರಿ, ಐದೇ. ಕಾಗಾ ಫೆಬ್ರವರಿಯಲ್ಲಿ ಪಲಾವ್ ಬಳಿ ಬಂಡೆಗೆ ತಾಗಿತ್ತು, ರಿಪೇರಿಗೆ ಊರಿಗೆ ಹೋಗಿತ್ತು. ಅಕಾಗಿ, ಸೋರ್ಯು, ಹಿರ್ಯು, ಶೋಕಾಕು, ಝುಯಿಕಾಕು, ಐದರ ಮೇಲೂ ಎ6ಎಂ2.

ಬ್ರಿಟಿಷ್ ಕಡೆ ಮೋಜಿದೆ. ಫಾರ್ಮಿಡಬಲ್ ಮೇಲೆ ಮಾರ್ಟ್‌ಲೆಟ್. ಗಾಬರಿಯಾಗಬೇಡಿ, ವೈಲ್ಡ್‌ಕ್ಯಾಟನ್ನೇ ಬ್ರಿಟಿಷರು 1944ರ ತನಕ ಹಾಗೆ ಕರೆಯುತ್ತಿದ್ದರು. ಇಂಡಾಮಿಟಬಲ್ ಮೇಲೆ 800ನೇ ಸ್ಕ್ವಾಡ್ರನ್ನಿನ ಫುಲ್ಮರ್, 880ನೇ ಸ್ಕ್ವಾಡ್ರನ್ನಿನ ಸೀ ಹರಿಕೇನ್. ಈ ಹಡಗಿನಲ್ಲಿ ಒಂದು ಲಿಫ್ಟನ್ನು ಅಗಲ ಮಾಡಿದ್ದರಿಂದ ಸೀ ಹರಿಕೇನ್ ಕೆಳಗಿಳಿಯಬಲ್ಲದು. ಹರ್ಮಿಸ್ ಮೇಲೆ? ಏನೂ ಇಲ್ಲ. ಏಪ್ರಿಲ್ 9ರಂದು ಬಟ್ಟಿಕಲೋವಾ ಬಳಿ ಸಿಕ್ಕಿಬಿದ್ದಾಗ ಅದರ ಡೆಕ್ ಬರಿದಾಗಿತ್ತು. ಆಟದಲ್ಲಿ ಅದನ್ನು ಆಡುವವನ ಮುಖ ನೋಡಲಾಗದು, ಆದರೂ ಒಂದು ಫೈಟರನ್ನೂ ಕೊಡಬೇಡಿ.

ಫುಲ್ಮರ್ ಝೀರೊಗಿಂತ ಗಂಟೆಗೆ ಸುಮಾರು 100 ಕಿ.ಮೀ. ಹಿಂದೆ. ಇದನ್ನು ಯಾಕೆ ಕಟ್ಟಿದರು ಎಂದು ಆಟಗಾರರು ಕೇಳುತ್ತಾರೆ. ಇದರಲ್ಲಿ ಇಬ್ಬರು ಕೂರುತ್ತಾರೆ. ಹಿಂದಿನವನು ದಾರಿ ಲೆಕ್ಕ ಹಾಕುವವನು. ನೆಲ ಕಾಣದ ಕಡಲ ಮೇಲೆ ಬಹಳ ಹೊತ್ತು ಹಾರಿ, ಹಡಗುಗಳನ್ನು ದೂರದಿಂದ ಹಿಂಬಾಲಿಸುವ ಬೇಹು ವಿಮಾನಗಳನ್ನು ಹೊಡೆದು, ಮರಳಿ ಹಡಗು ಹುಡುಕಿ ಬರಬೇಕಿತ್ತು. ಬೆಂಗಾವಲಿಲ್ಲದ ಬಾಂಬರುಗಳ ಮೇಲೆ ಮೆಡಿಟರೇನಿಯನ್‌ನಲ್ಲಿ ಅದರ ಎಂಟು ಗನ್ ಚೆನ್ನಾಗಿಯೇ ಕೆಲಸ ಮಾಡಿದವು. ಝೀರೊ ಎದುರು ಬರುತ್ತದೆ ಎಂದು ಅದನ್ನು ಕೆತ್ತಿದವರು ಎಣಿಸಿರಲಿಲ್ಲ. ಈ ಅಸಮತೋಲವನ್ನು ಸರಿಮಾಡಲು ಫುಲ್ಮರನ್ನು ತೆಗೆದು ಇನ್ನೊಂದನ್ನು ಹಾಕಬೇಡಿ. ಗೆಲುವಿನ ಷರತ್ತು ಬದಲಿಸಿ. ನನ್ನ ಆಟದಲ್ಲಿ ಬ್ರಿಟಿಷರು ಎರಡೂ ದೊಡ್ಡ ಹಡಗನ್ನು ಉಳಿಸಿಕೊಂಡರೆ ಸಾಕು, ಗೆದ್ದಂತೆ. ಮಾಲ್ಡೀವ್ಸಿನ ಅಡ್ಡು ಹವಳದ್ವೀಪದ ಮರೆಯಿಂದ ಆಡಿದ ಅವತ್ತಿನ ಕಣ್ಣಾಮುಚ್ಚಾಲೆಯೂ ಅದೇ.

ಕಾಗದದ ಮೇಲಷ್ಟೇ ಹಾರಿದವು

ಜರ್ಮನಿಯ ಗ್ರಾಫ್ ಝೆಪ್ಪೆಲಿನ್, ಇಟಲಿಯ ಅಕ್ವಿಲಾ, ಎರಡೂ ಮುಗಿಯಲೇ ಇಲ್ಲ. ಮೊದಲನೆಯದಕ್ಕೆಂದು ಮಾಡಿದ ಬಿಎಫ್ 109ಟಿ ನೆಲದಿಂದ ಹಾರಿತು. ಜಪಾನಿನ ಎ7ಎಂ ರೆಪ್ಪು ಕದನಕ್ಕೆ ಬರುವ ಮುಂಚೆ ಯುದ್ಧ ಮುಗಿಯಿತು. ಅಮೆರಿಕದ ಬೇರ್‌ಕ್ಯಾಟ್ ದಾರಿಯಲ್ಲಿದ್ದಾಗಲೇ ಜಪಾನ್ ಶರಣಾಯಿತು. ಆಡಬಾರದು ಅಂತಲ್ಲ, ಆಡಿ. ಆಹ್ವಾನದಲ್ಲೇ "ಹೀಗಾಗಿದ್ದರೆ" ಎಂದು ಬರೆದುಬಿಡಿ.

ನಮ್ಮ ಬೆಂಗಳೂರಿನ ಎಲ್‌ಸಿಎ ನೇವಿಗೂ, ಅಂದರೆ ತೇಜಸ್‌ನ ನೌಕಾ ರೂಪಕ್ಕೂ, ಇದೇ ಮಾತು. 2020ರ ಜನವರಿ 11ರಂದು ಅದು ವಿಕ್ರಮಾದಿತ್ಯದ ತಂತಿ ಹಿಡಿದು ಇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದು ಪ್ರಯೋಗದ ವಿಮಾನ, ಸ್ಕ್ವಾಡ್ರನ್ ಆಗಿಲ್ಲ. ಕಾರವಾರದಿಂದ ಹೊರಡುವ ವಿಕ್ರಮಾದಿತ್ಯಕ್ಕೆ ನಿಮ್ಮ ಆಟದಲ್ಲಿ ಕೊಡಬೇಕಾದದ್ದು ಮಿಗ್-29ಕೆ. 26 ರಫಾಲ್-ಎಂಗೆ ಒಪ್ಪಂದವಾದದ್ದು 2025ರ ಏಪ್ರಿಲ್‌ನಲ್ಲಿ, ಅವು ಬಂದು ಸೇರುವ ತನಕದ ಆಟಕ್ಕೆ ಅವು ಸಲ್ಲವು.

ಡಿಸೆಂಬರ್ 1971

ಈಗ ನಾನು ಕಟ್ಟುತ್ತಿರುವುದು ಹಳೇ ವಿಕ್ರಾಂತ್ ಆಟ. ಫೋಟೊ ನೋಡಿ ಮಾದರಿ ಮಾಡುವವರಿಗೆ ಎಚ್ಚರಿಕೆ: ಮುಂಭಾಗ ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಕಂಡರೆ ಅದು 1980ರ ದಶಕದ ಕೊನೆಯ ಆಮೇಲಿನ ವಿಕ್ರಾಂತ್. 1971ರಲ್ಲಿ ಡೆಕ್ ಚಪ್ಪಟೆ, ವಿಮಾನವನ್ನು ಎಸೆಯುತ್ತಿದ್ದದ್ದು ಹಬೆಯ ಕ್ಯಾಟಪಲ್ಟ್. ಬಾಯ್ಲರ್ ಒಂದರಲ್ಲಿ ಬಿರುಕಿತ್ತು, ಆದ್ದರಿಂದ ಹಡಗಿನ ವೇಗವನ್ನೂ ಇಳಿಸಿ ಬರೆಯಿರಿ. ಫೈಟರ್ ಎಂದರೆ 300ನೇ ಸ್ಕ್ವಾಡ್ರನ್ನಿನ ಸೀ ಹಾಕ್, ನಾಲ್ಕು 20 ಮಿ.ಮೀ. ಕ್ಯಾನನ್, ಶಬ್ದದ ವೇಗ ಮುಟ್ಟದ ಜೆಟ್. ಸೀ ಹ್ಯಾರಿಯರ್ ಬರಲು ಇನ್ನೂ ಹನ್ನೆರಡು ವರ್ಷವಿದೆ. ಗೋವಾದ ನೌಕಾ ವಾಯುಯಾನ ಸಂಗ್ರಹಾಲಯದ ಅಂಗಳದಲ್ಲಿ ಸೀ ಹಾಕ್ ಎದುರು ನಿಂತಾಗ, ಇಷ್ಟು ಚಿಕ್ಕದೇ ಎನಿಸಿತ್ತು. ಡಿಸೆಂಬರ್ 4ರಂದು ಅವು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಹೋದವು. ಕೆಲಸ ಬಂದರು, ಹಡಗು, ರನ್‌ವೇ ಹೊಡೆಯುವುದು.

ಶಿವಮೊಗ್ಗದ ಗೆಳೆಯ ಎದುರು ಕಡೆ ಕೂರುತ್ತಾನಂತೆ, ಢಾಕಾದಲ್ಲಿದ್ದ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಹಿಡಿದು. "ಡಿಸೆಂಬರ್ 10ರ ಆಟ ಇಡು ಮಾರಾಯ, ಅವತ್ತು ರಜೆ ಹಾಕ್ತೀನಿ, ತಾರೀಖೂ ಸರಿಹೋಗುತ್ತೆ" ಅಂತ ಮೆಸೇಜ್ ಮಾಡಿದ್ದಾನೆ. ಢಾಕಾದ ತೇಜ್‌ಗಾಂವ್ ರನ್‌ವೇ ಗುಂಡಿಬಿದ್ದು, ಆ ಸೇಬರ್‌ಗಳು 7ನೇ ತಾರೀಖಿನ ಹೊತ್ತಿಗೇ ನೆಲಕ್ಕಂಟಿದ್ದವು ಎಂದು ನಾನಿನ್ನೂ ಹೇಳಿಲ್ಲ. ಆಗಲಿ ಅಂದಿದ್ದೇನೆ.